ಟ್ವೆಟ್ ದಂಪತಿಯ ಅಡುಗೆಮನೆಯಲ್ಲಿ ಬಹಿರಂಗ ಸಭೆ

ಆರ್ಲಿಸ್: ಆ ವಿಷಯ ಊಟದ ಮೇಜಿನ ಹತ್ರ ಎತ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?

ಮೆರಿಲ್: ನಾನೇನು ಎತ್ತಿದೆ? ಉಪ್ಪಿನ ಡಬ್ಬಿ ಈ ಕಡೆ ತಳ್ಳು ಅಂದೆ, ಅಷ್ಟೇ.

ಆರ್ಲಿಸ್: ಅದೇ ಆ ವಿಷಯ. ನಿಮ್ಮ ಕೌಂಟಿಯವರು ಆ ಜಾಗದಲ್ಲಿ ಕಟ್ಟೋಕೆ ಹೊರಟಿರೋದು ಏನನ್ನ?

ಮೆರಿಲ್: ಉಪ್ಪಿನ ಗೋದಾಮು. ಅದಕ್ಕೂ ನನ್ನ ತಟ್ಟೇಲಿರೋ ಆಲೂಗಡ್ಡೆಗೂ ಏನು ಸಂಬಂಧ?

ಆರ್ಲಿಸ್: ನೋಡು, ಈಗ ಗೋದಾಮು ಅಂದೆ. ಸೆಲ್ಮರ್, ಕೇಳಿಸ್ತು ತಾನೆ? ಅವನೇ ಬಾಯಿಬಿಟ್ಟು ಅಂದ.

ಮೆರಿಲ್: ನೀನು ಕೇಳಿದ್ದಕ್ಕೆ ಅಂದೆ.

ಆರ್ಲಿಸ್: ನಾನು ಕೇಳ್ದೆ, ನೀನು ಉತ್ತರ ಕೊಟ್ಟೆ. ಕೇಳೋದು, ಹೇಳೋದು ಎರಡೂ ಆದ್ರೆ ಅದು ಚರ್ಚೆ. ನಾವಿಬ್ರು ಕೂತು ಆ ಜಾಗದ ಬಗ್ಗೆ ಚರ್ಚೆ ಮಾಡಿದ್ರೆ ಅದು ಸಭೆ. ನೋಟಿಸ್ ಅಂಟಿಸದೆ ಸಭೆ ಮಾಡಿದ್ರೆ ಕಾನೂನಿಗೆ ವಿರುದ್ಧ.

ಮೆರಿಲ್: ಸರಿ. ಸಪ್ಪೆ ಆಲೂಗಡ್ಡೆ ತಿಂದು ಕಾನೂನು ಕಾಪಾಡ್ತೀನಿ ಬಿಡು.

ನಾನು ಕೇಕಿನ ತಟ್ಟೆ ವಾಪಸು ಕೊಡಲು ಬಂದವನು, ಹಿಂಬಾಗಿಲಲ್ಲಿ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತಿದ್ದೆ. ಸೆಲ್ಮರ್ ಎಂದರೆ ನಾನೇ, ಟ್ವೆಟ್ ದಂಪತಿಯ ಪಕ್ಕದ ಮನೆ ನನ್ನದು. ಆರ್ಲಿಸ್ ನಮ್ಮ ಟ್ವಿನ್ ಎಲ್ಮ್ ನಗರಸಭೆಯ ಸದಸ್ಯೆ. ಅವಳ ಗಂಡ ಮೆರಿಲ್, ನಮ್ಮ ಊರು ಸೇರಿದ ಜಿಲ್ಲೆಯ, ಅಂದರೆ ಸ್ವೆಂಡಾಲ್ ಕೌಂಟಿಯ, ಮಂಡಳಿಯ ಸದಸ್ಯ. ಊರಿನ ಜನ ಇಬ್ಬರನ್ನೂ ಬೇರೆ ಬೇರೆ ಚುನಾವಣೆಯಲ್ಲಿ ಆರಿಸಿ ಕಳಿಸಿದರು. ಇವರು ಒಂದೇ ಮಂಚದಲ್ಲಿ ಮಲಗುವವರು ಎಂಬುದು ಮತ ಹಾಕುವಾಗ ಯಾರಿಗೂ ಹೊಳೆಯಲಿಲ್ಲ.

ಊರಿನ ನಡುವೆ ಒಂದು ದೊಡ್ಡ ಹೊಲವಿದೆ. ಹಿಂದೆ ಕೌಂಟಿಯವರು ದಿಕ್ಕಿಲ್ಲದ ಬಡವರನ್ನು ಅಲ್ಲಿ ಇಟ್ಟುಕೊಂಡು ಆಲೂಗಡ್ಡೆ ಬೆಳೆಸುತ್ತಿದ್ದರಂತೆ. ಬಡವರು ಹೋದರು, ಆಲೂಗಡ್ಡೆಯೂ ಹೋಯಿತು, ಊರು ಬೆಳೆದು ಸುತ್ತ ಹಬ್ಬಿತು. ಈಗ ಜಾಗ ಕೌಂಟಿಯದು, ಅದರ ಮೇಲೆ ಕಟ್ಟಲು ಪರವಾನಗಿ ಕೊಡುವುದು ನಗರ. ಅವರನ್ನು ಬಿಟ್ಟು ಇವರು ಒಂದು ಗೂಟ ಹೊಡೆಯುವಂತಿಲ್ಲ, ಇವರನ್ನು ಬಿಟ್ಟು ಅವರು ಒಂದು ಗೂಟ ಕೀಳುವಂತಿಲ್ಲ. ಇದಕ್ಕೆ ಪರಿಹಾರವೆಂದು ಜಂಟಿ ಪ್ರಾಧಿಕಾರ ಮಾಡಿದರು. ನಗರದಿಂದ ಆರ್ಲಿಸ್, ಕೌಂಟಿಯಿಂದ ಮೆರಿಲ್, ಈ ಇಬ್ಬರೂ ಒಪ್ಪಿ ಆರಿಸಿದ ಮೂರನೆಯವರು ಒಬ್ಬರು. ಮೂರನೆಯ ಕುರ್ಚಿಯಲ್ಲಿದ್ದ ಪಾದ್ರಿಗಳು ಗಂಡಹೆಂಡಿರ ನಡುವೆ ಕೂತು ಕೂತು ಸಾಕಾಗಿ, ಬೇರೆ ಊರಿನ ಚರ್ಚಿಗೆ ವರ್ಗ ಮಾಡಿಸಿಕೊಂಡು ಹೋದರು. ಉಳಿದವರು ಈ ಇಬ್ಬರೇ. ಇಬ್ಬರು ಸೇರಿದರೆ ಕೋರಂ ಆಯಿತು. ಕೋರಂ ಆದಮೇಲೆ ಜಾಗದ ಮಾತೆತ್ತಿದರೆ ಸಭೆ. ಸಭೆ ಎಂದಮೇಲೆ ಒಂದು ದಿನ ಮುಂಚೆ ನೋಟಿಸ್ ಅಂಟಿಸಬೇಕು, ಸಾರ್ವಜನಿಕರಿಗೆ ಬಾಗಿಲು ತೆರೆದಿಡಬೇಕು. ನಮ್ಮ ರಾಜ್ಯದ ಕಾನೂನು ಹಾಗಿದೆ, ಆರ್ಲಿಸ್ ಅದನ್ನು ಬೈಬಲ್ಲಿಗಿಂತ ಹೆಚ್ಚು ಸಲ ಓದಿದ್ದಾಳೆ.

ನಗರಕ್ಕೆ ಅಲ್ಲಿ ಈಜುಕೊಳ ಬೇಕು. ಕೌಂಟಿಗೆ ಹಿಮ ತಳ್ಳುವ ಲಾರಿಗಳನ್ನು ನಿಲ್ಲಿಸುವ ಜಾಗವೂ, ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಿಸಲು ಚೆಲ್ಲುವ ಉಪ್ಪಿಗೆ ಗೋದಾಮೂ ಬೇಕು. ಇನ್ನು ನನಗೆ ಏನು ಬೇಕೆಂದು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಆ ಹೊಲದ ಸರಿ ಮಧ್ಯದಲ್ಲಿ, ರಸ್ತೆಗೆ ಮುಖ ಮಾಡಿ ನನ್ನ ಡೋನಟ್ ಗೂಡಂಗಡಿ ಇದೆ. ಹಿಟ್ಟಿನ ಹದ ನನ್ನ ಹೆಂಡತಿ ಲವೋನ್ ಹೇಳಿಕೊಟ್ಟದ್ದು. ಅವಳು ತೀರಿಹೋದಮೇಲೆ ಬೆಳಿಗ್ಗೆ ಎದ್ದು ಷೂ ಹಾಕಿಕೊಳ್ಳುವುದಕ್ಕೆ ನನಗೆ ಉಳಿದಿರುವ ಕಾರಣ ಅದೊಂದೇ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಂಗಡಿ. ಮೊದಲ ಹಿಮ ಬೀಳುವ ಮುಂಚೆ ಬಾಗಿಲು ಹಾಕಿ ಅರಿಜೋನಾದಲ್ಲಿರುವ ತಂಗಿಯ ಮನೆಗೆ ಹೋಗಿ, ಅಂಗಿಯ ಗುಂಡಿ ಬಿಚ್ಚಿ ಬಿಸಿಲಿನಲ್ಲಿ ಕೂರುತ್ತೇನೆ.

ಹಾಗಾಗಿ ಈ ಇಬ್ಬರು ಜಗಳವಾಡುತ್ತಿರುವಷ್ಟು ದಿನ ನನಗೆ ನೆಮ್ಮದಿ. ಈಜುಕೊಳವೂ ಬರುವುದಿಲ್ಲ, ಗೋದಾಮೂ ಬರುವುದಿಲ್ಲ, ಅಂಗಡಿ ಇದ್ದಲ್ಲೇ ಇರುತ್ತದೆ. ಆ ಸಂಜೆ ಕೇಕಿನ ತಟ್ಟೆ ಕೊಟ್ಟು ಖುಷಿಯಿಂದಲೇ ಹೊರಟಿದ್ದೆ. ಅಷ್ಟರಲ್ಲಿ ಆರ್ಲಿಸ್ ನನ್ನ ಖುಷಿಗೆ ನೀರೆರಚುವಂಥ ಮಾತಾಡಿದಳು.

ಆರ್ಲಿಸ್: ಹೀಗೆ ಮೂಗರ ಥರ ಊಟ ಮಾಡಿ ನನಗೆ ಸಾಕಾಗಿದೆ. ಸಭೆನೇ ಮಾಡೋಣ. ಇಲ್ಲೇ.

ಮೆರಿಲ್: ಎಲ್ಲಿ, ಅಡುಗೆಮನೇಲಾ?

ಆರ್ಲಿಸ್: ನಗರಸಭೆ ಕಟ್ಟಡಕ್ಕೆ ನೀನು ಬರಲ್ಲ. ಕೌಂಟಿ ಕಚೇರಿಗೆ ನಾನು ಕಾಲಿಡಲ್ಲ. ಎರಡಕ್ಕೂ ಸೇರದ ಜಾಗ ಅಂದ್ರೆ ಇದೊಂದೇ. ಗುರುವಾರ ಸಂಜೆ ಆರಕ್ಕೆ. ನೋಟಿಸ್ ನಾಳೆನೇ ಮುಂಬಾಗಿಲಿಗೆ ಅಂಟಿಸ್ತೀನಿ.

ಮೆರಿಲ್: ಪೈ ಇರುತ್ತಾ?

ಆರ್ಲಿಸ್: ಅದು ಸಭೆ ವಿಷಯ ಅಲ್ಲ, ಆದ್ರಿಂದ ಹೇಳ್ಬಹುದು. ಇರುತ್ತೆ. ಹುಳಿ ರೂಬಾರ್ಬ್ ದಂಟಿನ ಪೈ.

ಪೈ ತಿನ್ನುತ್ತಾ ಎದುರುಬದುರು ಕೂತ ಗಂಡಹೆಂಡಿರು ಎಷ್ಟು ಹೊತ್ತು ಜಗಳ ಉಳಿಸಿಕೊಂಡಾರು? ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಗುರುವಾರ ಆರಕ್ಕೆ ಮುಂಚೆಯೇ ಹೋದೆ. ದಿನವೂ ಹಿಂಬಾಗಿಲಿನಿಂದ ನುಗ್ಗುವವನು ಅಂದು ಮುಂಬಾಗಿಲಿನ ಗಂಟೆ ಒತ್ತಿದೆ. ಆರ್ಲಿಸ್ ಚರ್ಚಿಗೆ ಹಾಕುವ ನೀಲಿ ಕೋಟು ತೊಟ್ಟು ಬಾಗಿಲು ತೆರೆದಳು.

ಆರ್ಲಿಸ್: ಏನು ಸೆಲ್ಮರ್?

ನಾನು: ಸಭೆಗೆ ಬಂದೆ. ಸಾರ್ವಜನಿಕ.

ಆರ್ಲಿಸ್: ಎಷ್ಟು ಜನ?

ನಾನು: ನಾನೊಬ್ಬನೇ.

ಆರ್ಲಿಸ್: ಸಾರ್ವಜನಿಕರು ಕಾಲು ಒರೆಸ್ಕೊಂಡು ಒಳಗೆ ಬನ್ನಿ.

ಆಕೆ ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಫ್ರಿಜ್ಜಿನ ಪಕ್ಕ ನನಗೊಂದು ಮಡಚುವ ಕುರ್ಚಿ ಹಾಕಿದ್ದಳು. ಮೇಜಿನ ಈ ತುದಿಗೆ ನಗರ, ಆ ತುದಿಗೆ ಕೌಂಟಿ, ಮಧ್ಯೆ ಪೈ. ಅಧ್ಯಕ್ಷತೆ ಸರದಿಯ ಮೇಲೆ, ಅಂದು ನಗರದ್ದು. ಮೇಜು ಕುಟ್ಟುವ ಸುತ್ತಿಗೆಗೆ ಬದಲು ರೊಟ್ಟಿ ಲಟ್ಟಿಸುವ ಲಟ್ಟಣಿಗೆ. ಆರ್ಲಿಸ್ ಒಂದು ಏಟು ಹಾಕಿದಳು, ಚಮಚಗಳು ಎಗರಿದವು.

ಆರ್ಲಿಸ್: ಸಭೆ ಶುರುವಾಗಿದೆ. ಕೌಂಟಿಯ ಸದಸ್ಯರು ಹಾಜರಿದ್ದೀರಾ?

ಮೆರಿಲ್: ಕಾಣಲ್ವಾ?

ಆರ್ಲಿಸ್: ಕಾಣೋದು ಬೇರೆ, ಹಾಜರಿರೋದು ಬೇರೆ. ಮೂವತ್ತು ವರ್ಷದಿಂದ ನೋಡ್ತಿದ್ದೀನಿ.

ಮೆರಿಲ್: ಹಾಜರ್.

ಆರ್ಲಿಸ್: ನಗರದ ಸದಸ್ಯರೂ ಹಾಜರ್. ಮೊದಲನೇ ವಿಷಯ, ಹೊಲ. ಕೌಂಟಿಯವರು ಮೊದಲು ಹೇಳಿ. ನಾನು ಮಧ್ಯೆ ಬಾಯಿ ಹಾಕಲ್ಲ.

ಮೆರಿಲ್: ನಿಜವಾಗ್ಲೂ?

ಆರ್ಲಿಸ್: ನಿಯಮ ಹಾಗಿದೆ.

ಮೆರಿಲನ ಮುಖ ನೋಡಬೇಕಿತ್ತು. ಮದುವೆಯಾದ ಮೇಲೆ ತಾನು ಆರಂಭಿಸಿದ ವಾಕ್ಯವನ್ನು ತಾನೇ ಮುಗಿಸಿದ್ದು ಅದೇ ಮೊದಲಿರಬೇಕು. ಹೋದ ಚಳಿಗಾಲದಲ್ಲಿ ಉಪ್ಪು ತರಲು ಲಾರಿಗಳು ಕೌಂಟಿಯ ಆಚೆ ತುದಿಗೆ ಹೋಗಿ ಬರುವಷ್ಟರಲ್ಲಿ ಶಾಲೆಯ ಬಸ್ಸು ಚರಂಡಿಗೆ ಜಾರಿದ್ದನ್ನು ಹೇಳಿದ. ಆರ್ಲಿಸ್ ತಲೆಯಾಡಿಸುತ್ತಾ ಕೇಳಿದಳು. ಆಮೇಲೆ ಅವಳು, ಈ ಊರಿನ ಮಕ್ಕಳು ಕಲ್ಲುಗಣಿಯ ನೀರಿನಲ್ಲಿ ಈಜಲು ಹೋಗುವುದನ್ನು ನೆನೆದರೆ ತನಗೆ ಬೇಸಗೆಯೆಲ್ಲ ಎದೆ ಡವಗುಟ್ಟುತ್ತದೆ ಎಂದಳು. ಮೆರಿಲ್ ಚಮಚ ಕೆಳಗಿಟ್ಟು ಕೇಳಿದ. ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ನನಗೆ ಅದೇ ಭಯ.

ಮೆರಿಲ್: ಹೊಲ ದೊಡ್ಡದಿದೆ. ಪೂರ್ವಕ್ಕೆ ನಿಮ್ಮ ಕೊಳ ಬಂದ್ರೆ, ಪಶ್ಚಿಮಕ್ಕೆ ನಮ್ಮ ಗೋದಾಮು ಬರಬಹುದು.

ಆರ್ಲಿಸ್: ಬರಬಹುದು. ನಾನೂ ಅದನ್ನೇ ಯೋಚಿಸ್ತಿದ್ದೆ. ಇನ್ನು ಮಧ್ಯದ ಜಾಗ...

ನಾನು ಕೈ ಎತ್ತಿದೆ.

ಆರ್ಲಿಸ್: ಏನು?

ನಾನು: ಸಾರ್ವಜನಿಕರ ಅಹವಾಲು.

ಆರ್ಲಿಸ್: ಅದು ಕೊನೇಲಿ.

ನಾನು: ನೋಟಿಸಿನಲ್ಲಿ ಹೊಲ ಆದಮೇಲೆ ಅಹವಾಲೇ ಎರಡನೇ ವಿಷಯ ಅಂತ ಹಾಕಿದ್ದೀಯ. ಮಧ್ಯದ ಜಾಗ ಅಂತ ಎಲ್ಲೂ ಹಾಕಿಲ್ಲ. ಕಾನೂನು ಕಾನೂನೇ.

ಕಾನೂನು ಎಂದರೆ ಆರ್ಲಿಸ್ ಕರಗಿಹೋಗುತ್ತಾಳೆ. ಮೊಟ್ಟೆ ಬೇಯಿಸುವಾಗ ಇಡುವ ಗಡಿಯಾರ ತಿರುಗಿಸಿ ಮೂರು ನಿಮಿಷ ಕೊಟ್ಟಳು. ನಾನು ಎದ್ದು ನಿಂತು, ಕೆಮ್ಮಿ, ಟೋಪಿ ತೆಗೆದೆ.

ನಾನು: ಈಜುಕೊಳ ಒಳ್ಳೇದು. ಈಜೋದು ಎಲ್ರೂ ಕಲೀಬೇಕು. ಅವತ್ತು ಚರ್ಚಿನ ವನಭೋಜನದ ದಿನ ಕೆರೇಲಿ ದೋಣಿ ಮಗುಚ್ತಲ್ಲ, ಆಗ ಆರ್ಲಿಸ್ ತಾಯಿಗೆ ಈಜು ಬಂದಿದ್ರೆ ಅಷ್ಟು ನೀರು ಕುಡೀತಿರಲಿಲ್ಲ. ದೋಣಿಯಲ್ಲಿ ಎದ್ದು ನಿಂತದ್ದು ಯಾರು ಅಂತ ನಾನು ಹೇಳಲ್ಲ. ಇಷ್ಟೇ ನನ್ನ ಅಹವಾಲು.

ಆರ್ಲಿಸ್ ಮೆರಿಲನ ಕಡೆ ತಿರುಗಿದಳು.

ಆರ್ಲಿಸ್: ಎದ್ದು ನಿಂತದ್ದು ಯಾರು ಅಂತ ಎಲ್ರಿಗೂ ಗೊತ್ತು.

ಮೆರಿಲ್: ನಿಮ್ಮಮ್ಮ ಕಾಫಿ ಕೆಟಲ್ ಕೊಡು ಅಂದ್ರು, ಕೊಡೋಕೆ ಎದ್ದೆ.

ಆರ್ಲಿಸ್: ಇಲ್ಲ, ನೀನು ಗಾಳಕ್ಕೆ ಮೀನು ಬಿತ್ತು ಅಂತ ಕುಣಿಯೋಕೆ ಎದ್ದೆ.

ಮೆರಿಲ್: ಕೌಂಟಿಯ ಸದಸ್ಯರಿಗೆ ಏಕವಚನ ಬೇಡ.

ಆರ್ಲಿಸ್: ಅಮ್ಮನ ಕೆಟಲ್ ಇನ್ನೂ ಕೆರೆಯ ತಳದಲ್ಲಿದೆ ಕೌಂಟಿಯ ಸದಸ್ಯರೇ. ಅದು ಅಜ್ಜಿ ನಾರ್ವೆಯಿಂದ ತಂದದ್ದು. ಒಂದು ಸಲ ತಪ್ಪಾಯ್ತು ಅಂದಿದ್ದೀರಾ?

ಮೆರಿಲ್: ನಿಮ್ಮಮ್ಮನನ್ನ ಎತ್ತಿ ತಂದದ್ದು ಯಾರು? ಕೆಟಲ್ ಬಿಟ್ಟು ಅವರನ್ನ ಎತ್ತಿದ್ದೇ ನನ್ನ ತಪ್ಪಾ?

ಲಟ್ಟಣಿಗೆ ಬಿತ್ತು. ಸಭೆ ಮುಂದಿನ ಗುರುವಾರಕ್ಕೆ ಹೋಯಿತು. ಪೈ ಯಾರೂ ಮುಟ್ಟಿರಲಿಲ್ಲವಾದ್ದರಿಂದ ಸಾರ್ವಜನಿಕರು ಎರಡು ತುಂಡು ಮನೆಗೆ ಕೊಂಡೊಯ್ದರು.

ಮುಂದಿನ ಗುರುವಾರ ಅಧ್ಯಕ್ಷತೆ ಕೌಂಟಿಯದು. ಮೆರಿಲ್ ಮೃದುವಾಗಿ ಕುಟ್ಟಿದ. ಅವನು ಅಂದು ಕ್ಷೌರ ಮಾಡಿಕೊಂಡಿದ್ದ, ಆರ್ಲಿಸ್ ಕೂಡ ಹೊಸ ಬ್ರೋಚ್ ಹಾಕಿದ್ದಳು. ಮತ್ತೆ ಪೂರ್ವ, ಪಶ್ಚಿಮ ಎಂದು ಮಾತು ಚೆನ್ನಾಗಿ ಸಾಗಿತು. ಗೋದಾಮಿಗೆ ಸಿಮೆಂಟಿನ ಗೋಡೆಯ ಬದಲು ಕೆಂಪು ಹಲಗೆ ಹೊಡೆಸಿದರೆ ಕೊಳದ ಕಡೆಯಿಂದ ನೋಡಲು ಚಂದ ಎಂದು ಮೆರಿಲ್ ತಾನಾಗಿ ಹೇಳಿದಾಗ ಆರ್ಲಿಸ್ ನಾಚಿದಂತೆ ಕಂಡಿತು. ಮತ್ತೆ ಮಧ್ಯದ ಜಾಗದ ಹತ್ತಿರ ಬಂದರು. ಈ ಸಲ ಅದನ್ನು ನೋಟಿಸಿನಲ್ಲೂ ಸೇರಿಸಿದ್ದಳು. ಆದರೆ ಅಹವಾಲು ಅದಕ್ಕಿಂತ ಮೇಲಿತ್ತು. ನಾನು ಹಾಗೆ ಮಾಡು ಎಂದು ವಾರವೆಲ್ಲ ಬೇಲಿಯಾಚೆಯಿಂದ ಪಾಠ ಹೇಳಿದ್ದೆ. ಜನ ಮೊದಲು, ಕೆಲಸ ಆಮೇಲೆ ಎಂದಿದ್ದೆ. ಆಕೆಗೆ ಅದು ಹಿಡಿಸಿತ್ತು.

ಮೆರಿಲ್: ಸಾರ್ವಜನಿಕರು ಏನಾದ್ರೂ ಹೇಳೋದಿದ್ಯಾ? ದೋಣಿ ವಿಷಯ ಬೇಡ.

ನಾನು: ದೋಣಿ ಇಲ್ಲ. ಉಪ್ಪಿನ ಬಗ್ಗೆ ಎರಡು ಮಾತು. ಉಪ್ಪು ಹತೋಟೀಲಿ ಇರ್ಬೇಕು. ಸುಗ್ಗಿ ಊಟದ ದಿನ ಚರ್ಚಿನ ನೆಲಮಾಳಿಗೇಲಿ ಆರ್ಲಿಸ್ ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಹಾಟ್‌ಡಿಶ್ ತಿಂದು ಅರ್ಧ ಊರು ನೀರಿನ ನಲ್ಲಿ ಹತ್ರ ಸಾಲು ನಿಂತಿತ್ತು. ಅದರಿಂದ ನಾವೆಲ್ಲ ಕಲೀಬೇಕು. ಮೆರಿಲ್ ಅವತ್ತು ಬಡಿಸಿಕೊಂಡದ್ದನ್ನ ಹೂವಿನ ಕುಂಡಕ್ಕೆ ಹಾಕಿದ್ದು ನಾನು ನೋಡಿಲ್ಲ.

ಆರ್ಲಿಸ್: ಕುಂಡಕ್ಕೆ?

ಮೆರಿಲ್: ಅವನು ನೋಡಿಲ್ಲ ಅಂದನಲ್ಲ.

ಆರ್ಲಿಸ್: ಎರಡು ಸಲ ಹಾಕಿಸ್ಕೊಂಡ್ರಿ ಅಂತ ನಾನು ನಮ್ಮಕ್ಕನಿಗೆ ಫೋನ್ ಮಾಡಿ ಹೇಳಿದ್ದೆ.

ಮೆರಿಲ್: ಎರಡು ಕುಂಡ ಇದ್ವು.

ಈ ಸಲ ಲಟ್ಟಣಿಗೆ ಕುಟ್ಟಿದ್ದು ಅಧ್ಯಕ್ಷರಲ್ಲ. ಅಧ್ಯಕ್ಷರ ಕೈಯಿಂದ ಅದನ್ನು ಕಿತ್ತುಕೊಂಡ ಆರ್ಲಿಸ್.

ಮನೆಗೆ ಬಂದು, ಆ ಸಲವೂ ಕಟ್ಟಿಕೊಂಡು ತಂದ ಪೈ ಬಿಚ್ಚಿದೆ, ಒಂದು ತುತ್ತು ತಿಂದು ಮತ್ತೆ ಮುಚ್ಚಿಟ್ಟೆ. ನಮ್ಮ ಕಿಟಕಿಯಿಂದ ಅವರ ಗ್ಯಾರೇಜು ಕಾಣುತ್ತದೆ. ಮರುದಿನದಿಂದ ಮೆರಿಲ್ ಅಲ್ಲಿ ಬಕೆಟ್ ಬೋರಲು ಹಾಕಿ ಕೂತು ಒಬ್ಬನೇ ಬ್ರೆಡ್ಡು ತಿನ್ನತೊಡಗಿದ. ಅಡುಗೆಮನೆಯಲ್ಲಿ ಆರ್ಲಿಸ್ ರೇಡಿಯೋ ದೊಡ್ಡದಾಗಿ ಹಾಕಿಕೊಂಡು ಒಬ್ಬಳೇ ಪಾತ್ರೆ ತೊಳೆಯುತ್ತಿದ್ದಳು. ಒಬ್ಬನೇ ಉಣ್ಣುವುದು ಎಂದರೆ ಏನೆಂದು ಈ ಬೀದಿಯಲ್ಲಿ ನನ್ನಷ್ಟು ಬಲ್ಲವರಿಲ್ಲ. ನನಗೆ ನಾಚಿಕೆಯಾಯಿತು. ಹಾಗೆಂದು ಅಂಗಡಿ ಬಿಟ್ಟುಕೊಡಲು ಮನಸ್ಸು ಬಂತೇ? ಬರಲಿಲ್ಲ. ಮುಂದಿನ ಗುರುವಾರಕ್ಕೆ ಅವರ ಮಧುಚಂದ್ರದ ಪ್ರವಾಸದಲ್ಲಿ ಟೈರು ತೂತಾದ ಕಥೆ ತಯಾರು ಮಾಡಿಟ್ಟುಕೊಂಡೆ.

ಮೂರನೆಯ ಗುರುವಾರ ಒಳಗೆ ಹೋದಾಗ ನನಗೆ ಏನೋ ಬೇರೆ ವಾಸನೆ ಹೊಡೆಯಿತು. ಫ್ರಿಜ್ಜಿನ ಪಕ್ಕದ ಮಡಚು ಕುರ್ಚಿ ಇರಲಿಲ್ಲ. ಅದರ ಬದಲು ಮೇಜಿನ ಉದ್ದ ಬದಿಯಲ್ಲಿ, ನಗರಕ್ಕೂ ಕೌಂಟಿಗೂ ಮಧ್ಯೆ, ಕೈಯಿರುವ ಒಳ್ಳೆಯ ಕುರ್ಚಿ ಇಟ್ಟಿದ್ದರು. ಅದರ ಮುಂದೆ ತಟ್ಟೆ, ಬಟ್ಟೆಯ ನ್ಯಾಪ್‌ಕಿನ್, ಪೈನ ಮೊದಲ ತುಂಡು.

ಆರ್ಲಿಸ್: ಬಾ ಸೆಲ್ಮರ್. ಕೂತ್ಕೊ.

ನಾನು: ಇದು ಯಾರ ಕುರ್ಚಿ?

ಮೆರಿಲ್: ಪಾದ್ರಿಗಳದ್ದು. ಪ್ರಾಧಿಕಾರದ ಮೂರನೇ ಕುರ್ಚಿ.

ಆರ್ಲಿಸ್: ನಗರದ ಕಡೆಯಿಂದ ನಾನು ನಿನ್ನ ಹೆಸರು ಹೇಳ್ತಿದ್ದೀನಿ.

ಮೆರಿಲ್: ಕೌಂಟಿಯ ಕಡೆಯಿಂದ ನಾನು ಒಪ್ತಿದ್ದೀನಿ.

ನಾನು: ನೀವಿಬ್ರೂ ಒಪ್ಪಿದ್ರಾ? ಒಂದೇ ಮಾತಿಗೆ?

ಆರ್ಲಿಸ್: ಒಂದೇ ಮಾತಿಗೆ. ಈ ವಿಷಯಗಳಲ್ಲಿ ನಿನಗಿರೋ ಜ್ಞಾಪಕಶಕ್ತಿ ಯಾರಿಗೂ ಇಲ್ಲ ಅಂತ ನಮ್ಮಿಬ್ಬರಿಗೂ ಅನ್ನಿಸ್ತು.

ನನ್ನ ವಯಸ್ಸಿನವನಿಗೆ ಯಾರಾದರೂ ಕೈಯಿರುವ ಕುರ್ಚಿ ಕೊಟ್ಟರೆ ತಲೆ ನಿಲ್ಲುವುದಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಇವಳು ಒಂದು ಮತ, ಅವನು ಒಂದು ಮತ, ತೀರ್ಮಾನ ಮಾಡುವವನು ನಾನು. ಇನ್ನು ದೋಣಿ ಬೇಡ, ಕುಂಡ ಬೇಡ, ಟೈರು ಬೇಡ. ಕೈ ಎತ್ತಿದರೆ ಸಾಕು, ಅಂಗಡಿ ಉಳಿಯಿತು. ಒಪ್ಪಿದೆ ಎಂದೆ. ಆರ್ಲಿಸ್ ಬಲಗೈ ಎತ್ತು ಎಂದಳು. ಕೈಯಲ್ಲಿ ಪೈ ಫೋರ್ಕ್ ಇತ್ತು, ಅದನ್ನೂ ಸೇರಿಸಿ ಎತ್ತಿ ಪ್ರಮಾಣವಚನ ಸ್ವೀಕರಿಸಿದೆ. ಕಾನೂನನ್ನು ಅಕ್ಷರಶಃ ಪಾಲಿಸುತ್ತೇನೆ ಎಂಬ ಮಾತು ಅದರಲ್ಲಿತ್ತು. ಆಗ ಅದು ಬರೀ ಶಾಸ್ತ್ರವೆಂದುಕೊಂಡೆ.

ಆರ್ಲಿಸ್: ಸರಿ. ಮೊದಲನೇ ವಿಷಯ, ಹೊಲ. ಮಧ್ಯದ ಜಾಗವೂ ಸೇರಿ.

ನಾನು: ಅಧ್ಯಕ್ಷರೇ, ಮಧ್ಯದ ಜಾಗದ ಬಗ್ಗೆ ನಾನು...

ಆರ್ಲಿಸ್: ಸದಸ್ಯರು ಒಂದು ನಿಮಿಷ ತಾಳಿ. ಆ ಜಾಗದಲ್ಲಿ ಅಂಗಡಿ ಇಟ್ಟಿರೋದು ಯಾರು?

ನಾನು: ನಾನೇ. ಅದಕ್ಕೇ ಮಾತಾಡ್ತಿರೋದು.

ಆರ್ಲಿಸ್: ಅದಕ್ಕೇ ಮಾತಾಡೋ ಹಾಗಿಲ್ಲ. ಸ್ವಂತ ಲಾಭ ಇರೋ ವಿಷಯ ಬಂದಾಗ ಆ ಸದಸ್ಯರು ಮತ ಹಾಕೋ ಹಾಗಿಲ್ಲ, ಚರ್ಚೇಲಿ ಬಾಯಿ ಹಾಕೋ ಹಾಗಿಲ್ಲ.

ನಾನು: ಹಾಗಾದ್ರೆ ಅಹವಾಲು ಬಂದಾಗ ಹೇಳ್ತೀನಿ.

ಮೆರಿಲ್: ಅದು ಸಾರ್ವಜನಿಕರಿಗೆ. ನೀವೀಗ ಸದಸ್ಯರು.

ನನ್ನ ಬಾಯಲ್ಲಿದ್ದ ಪೈ ಬಾಯಲ್ಲೇ ಉಳಿಯಿತು.

ನಾನು: ಇದು ನಿಮ್ಮಿಬ್ಬರ ಪಿತೂರಿ. ಆ ಜಾಗದ ಬಗ್ಗೆ ನೋಟಿಸ್ ಇಲ್ದೆ ಮಾತಾಡಿದ್ದೀರಿ. ಅಪರಾಧ.

ಆರ್ಲಿಸ್: ಜಾಗದ ಬಗ್ಗೆ ಒಂದಕ್ಷರ ಆಡಿಲ್ಲ. ನಾನು ಗ್ಯಾರೇಜಿಗೆ ಹೋದೆ. ಅಲ್ಲಿ ನಾವು ಮಾತಾಡಿದ್ದು ನಿನ್ನ ಬಾಯಿ ಬಗ್ಗೆ. ನಿನ್ನ ಬಾಯಿಗೆ ನೋಟಿಸ್ ಬೇಕು ಅಂತ ಯಾವ ಕಾನೂನಿದೆ?

ಮೆರಿಲ್: ಎರಡು ಗಂಟೆ ಮಾತಾಡಿದ್ವಿ. ಮೊದಲು ನಿನ್ನನ್ನ ಬೈದ್ವಿ. ಆಮೇಲೆ ನಕ್ವಿ. ಕೆಟಲ್ ವಿಷಯಕ್ಕೆ ನಾನು ತಪ್ಪಾಯ್ತು ಅಂದೆ.

ಆರ್ಲಿಸ್: ಕುಂಡದ ವಿಷಯಕ್ಕೆ ನಾನೂ ಒಂದು ಮಾತು ಒಪ್ಕೊಂಡೆ. ಅವತ್ತು ಉಪ್ಪಿನ ಡಬ್ಬಿ ಮುಚ್ಚಳ ಕಳಚಿ ಬಿದ್ದಿತ್ತು.

ಇಬ್ಬರೂ ನಕ್ಕರು. ಈ ಊರಿನಲ್ಲಿ ನಗರವೂ ಕೌಂಟಿಯೂ ಒಂದು ಹಲಗೆ ಹೊಡೆಯಲು ಒಟ್ಟಾಗಿದ್ದನ್ನು ನಾನು ಕಂಡಿಲ್ಲ. ನನ್ನ ಬಾಯಿ ಮುಚ್ಚಿಸುವುದಕ್ಕೆ ಎರಡೂ ಒಟ್ಟಾದವು. ನಾನು ಲವೋನಳನ್ನು ನೆನೆದೆ, ಅಂಗಡಿಯ ಕಿಟಕಿಗೆ ಅವಳು ಹೊಲಿದ ಪರದೆಯನ್ನು ನೆನೆದೆ. ಫೋರ್ಕ್ ಕೆಳಗಿಟ್ಟು ತೀರ್ಪು ಕೇಳುವವನಂತೆ ಕೂತೆ.

ಆರ್ಲಿಸ್: ಪೂರ್ವಕ್ಕೆ ಕೊಳ, ಪಶ್ಚಿಮಕ್ಕೆ ಗೋದಾಮು. ಮಧ್ಯದಲ್ಲಿ ಡೋನಟ್ ಅಂಗಡಿ ಈಗಿರೋ ಹಾಗೇ ಇರಬೇಕು ಅಂತ ನಗರದ ಅಭಿಪ್ರಾಯ. ನೀರಿಂದ ಎದ್ದು ಬಂದ ಮಕ್ಕಳಿಗೆ ಹಸಿವಾಗುತ್ತೆ.

ಮೆರಿಲ್: ಕೌಂಟಿಯದೂ ಅದೇ. ನಮ್ಮ ಲಾರಿ ಡ್ರೈವರ್‌ಗಳಿಗೆ ಎಲ್ಲಾದ್ರೂ ಬಿಸಿ ಕಾಫಿ ಬೇಕಲ್ಲ.

ನಾನು ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ನೋಡಿದೆ.

ನಾನು: ಅಂಗಡಿ ಇರುತ್ತಾ? ಇದನ್ನ ಮೊದಲ ದಿನವೇ ಹೇಳೋಕೇನಾಗಿತ್ತು?

ಆರ್ಲಿಸ್: ಹೇಳೋಕೆ ಹೋದಾಗಲೆಲ್ಲ ನೀನು ಕೈ ಎತ್ತಿದೆ. ಇನ್ನು ಮಾತು ಸಾಕು ಸದಸ್ಯರೇ.

ಕಣ್ಣಲ್ಲಿ ನೀರು ಬಂತು, ಬಂತೆಂದು ಹೇಳಲು ನನಗೇನೂ ಸಂಕೋಚವಿಲ್ಲ. ಎರಡು ವಾರ ಇವರ ಸಂಸಾರಕ್ಕೆ ಕಡ್ಡಿ ಗೀರಿದವನ ಅಂಗಡಿಗೆ ಇವರು ಮೊದಲ ದಿನದಿಂದ ಜಾಗ ಬಿಟ್ಟಿದ್ದರು. ಎದ್ದು ಇಬ್ಬರನ್ನೂ ತಬ್ಬಿಕೊಳ್ಳೋಣವೆಂದು ಕುರ್ಚಿ ಹಿಂದೆ ಸರಿಸಿದೆ. ಅಷ್ಟರಲ್ಲಿ ಆರ್ಲಿಸ್ ಕನ್ನಡಕ ಏರಿಸಿದಳು.

ಆರ್ಲಿಸ್: ನಗರದ್ದು ಒಂದು ಷರತ್ತು. ಬೇಸಗೆ ಪೂರ್ತಿ, ಕೊಳ ತೆರೆದಾಗಿಂದ ಮುಚ್ಚೋ ತನಕ ಅಂಗಡಿ ತೆರೆದಿರಬೇಕು.

ಅದು ಹೇಗೂ ಇದ್ದದ್ದೇ. ನಾನು ತಲೆಯಾಡಿಸಿದೆ.

ಮೆರಿಲ್: ಕೌಂಟಿಯದು ಒಂದು ಷರತ್ತು. ಚಳಿಗಾಲ ಪೂರ್ತಿ, ಹಿಮ ಬಿದ್ದ ದಿನ ಲಾರಿ ಹೊರಡೋ ಮುಂಚೆ, ಬೆಳಗಿನ ಜಾವ ನಾಲ್ಕಕ್ಕೆ ಅಂಗಡಿ ತೆರೆದಿರಬೇಕು.

ನಾನು ತಲೆಯಾಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿದೆ. ನಮ್ಮಲ್ಲಿ ಜನವರಿಯ ಬೆಳಗಿನ ಜಾವ ನಾಲ್ಕಕ್ಕೆ ಮೂಗು ಮುಖದಲ್ಲಿದೆಯೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕು.

ನಾನು: ನನ್ನ ಅರಿಜೋನಾ?

ಆರ್ಲಿಸ್: ಅರಿಜೋನಾ ಇವತ್ತಿನ ನೋಟಿಸಿನಲ್ಲಿಲ್ಲ.

ಮೆರಿಲ್: ನಮ್ಮ ಕೌಂಟಿಯಲ್ಲೂ ಇಲ್ಲ.

ನಾನು: ಮೆರಿಲ್, ನನಗೆ ಮಂಡಿನೋವು ಕಣಯ್ಯಾ.

ಮೆರಿಲ್: ಲಾಭ ಇರೋ ಸದಸ್ಯರು ಮಾತಾಡೋ ಹಾಗಿಲ್ಲ.

ನಾನು: ಇದರಲ್ಲಿ ಲಾಭ ಎಲ್ಲಿದೆ?

ಅಧ್ಯಕ್ಷರು ಲಟ್ಟಣಿಗೆಯನ್ನು ಕೈಗೆತ್ತಿಕೊಂಡು, ಮತಕ್ಕೆ ಮುಂಚೆ ಸಾರ್ವಜನಿಕರ ಅಹವಾಲು ಕೇಳಬೇಕಾದದ್ದು ಕಾನೂನು ಎಂದರು. ನನಗೆ ಜೀವ ಬಂತು. ಆರ್ಲಿಸ್ ಫ್ರಿಜ್ಜಿನ ಕಡೆ ತಿರುಗಿದಳು. ಅಲ್ಲಿ ಕುರ್ಚಿಯೂ ಇಲ್ಲ, ಸಾರ್ವಜನಿಕರೂ ಇಲ್ಲ. ಆದರೂ ಮೊಟ್ಟೆಯ ಗಡಿಯಾರವನ್ನು ತಿರುಗಿಸಿ ಮೇಜಿನ ಮೇಲಿಟ್ಟಳು, ಯಾಕೆಂದರೆ ಆಕೆ ಆರ್ಲಿಸ್.

ಮೂರು ನಿಮಿಷ ನಾವು ಮೂವರೂ ಆ ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಕೂತೆವು. ಇಡೀ ಊರಿನ ಪರವಾಗಿ ಫ್ರಿಜ್ಜು ಒಮ್ಮೆ ಗುರ್ ಎಂದಿತು. ಬೇಲಿಯಾಚೆ ಯಾರಾದರೂ ಹೋಗುತ್ತಾರೆಯೇ ಎಂದು ಕಿಟಕಿಯತ್ತ ನೋಡಿದೆ, ಪರಿಚಯದ ಒಂದು ನಾಯಿ ಹೋಯಿತು. ಮೆರಿಲ್ ಪೈ ಕತ್ತರಿಸಿ ದೊಡ್ಡ ತುಂಡನ್ನು ಆರ್ಲಿಸಳ ತಟ್ಟೆಗೆ ಹಾಕಿದ. ಅವಳು ಸುಮ್ಮನೆ ಅವನ ಷರಟಿನ ಕಾಲರ್ ಸರಿಮಾಡಿದಳು. ನೋಡಲು ಹಿತವಾಗಿತ್ತು, ನನ್ನ ಮೈಗೆ ಮಾತ್ರ ಜನವರಿ ಬಂದಿತ್ತು. ಗಡಿಯಾರ ಟಿಣ್ ಎಂದಿತು.

ಆರ್ಲಿಸ್: ಸಾರ್ವಜನಿಕರಿಂದ ಆಕ್ಷೇಪಣೆ ಬಂದಿಲ್ಲ. ನಗರ ಒಪ್ಪಿದೆ.

ಮೆರಿಲ್: ಕೌಂಟಿ ಒಪ್ಪಿದೆ.

ಲಟ್ಟಣಿಗೆ ಬಿತ್ತು. ಆ ಹೊಲದಲ್ಲಿ ನಗರ ಬೇಸಗೆಯನ್ನು ತೆಗೆದುಕೊಂಡಿತು, ಕೌಂಟಿ ಚಳಿಗಾಲವನ್ನು ತೆಗೆದುಕೊಂಡಿತು. ಜಂಟಿ ಅಧಿಕಾರವೆಂದರೆ ಏನೆಂದು ನನಗೆ ಆಗ ಅರ್ಥವಾಯಿತು. ಅಧಿಕಾರ ಅವರಿಬ್ಬರದು, ಜಂಟಿಯಾಗಿ ದುಡಿಯುವವನು ನಾನು.

ಆಮೇಲೆ ಆರ್ಲಿಸ್ ಕೋಟು ಬಿಚ್ಚಿ ಏಪ್ರನ್ ಕಟ್ಟಿದಳು, ಒಲೆಯಿಂದ ಆಲೂಗಡ್ಡೆ ಇಳಿಸಿ, ಯಾರೂ ಕೇಳದಿದ್ದರೂ ಉಪ್ಪಿನ ಡಬ್ಬಿಯನ್ನು ಮೆರಿಲನ ಕಡೆ ತಳ್ಳಿದಳು. ನಾನು ಟೋಪಿ ಹಾಕಿಕೊಂಡು ಹಿಂಬಾಗಿಲಲ್ಲಿ ನಿಂತೆ.

ನಾನು: ಸಭೆ ಮುಗೀತಲ್ಲ. ಈಗ ನಾನೊಂದು ಮಾತು ಹೇಳ್ಬಹುದಾ?

ಆರ್ಲಿಸ್: ಮೂರೂ ಜನ ಸದಸ್ಯರು ಇಲ್ಲೇ ಇದ್ದೀವಿ. ಹೊಲದ ಬಗ್ಗೆ ಬಾಯಿಬಿಟ್ರೆ ಮತ್ತೆ ಸಭೆಯಾಗುತ್ತೆ.

ನಾನು: ಹಾಗಾದ್ರೆ ನಾನು ಯಾರ ಹತ್ರ ಗೋಳು ಹೇಳ್ಕೊಳ್ಳಲಿ?

ಮೆರಿಲ್: ಸಾರ್ವಜನಿಕರ ಹತ್ರ ಹೇಳ್ಕೊ. ಬೆಳಗಿನ ಜಾವ ನಾಲ್ಕಕ್ಕೆ ಕಾಫಿಗೆ ಬರ್ತಾರೆ.